ಅನುದಾನ ಬಂತು ಸರಿ, ಊರಿಗೆ ಯಾರು ಹೇಳ್ತಾರೆ?

ಮೂರನೇ ದಿನಕ್ಕೆ ಹಿಟಾಚಿ ನಿಂತಿತು. ಡೀಸೆಲ್ ಇತ್ತು, ಡ್ರೈವರ್ ಇದ್ದ, ಪಂಚಾಯಿತಿ ಅನುಮತಿ ಪತ್ರವೂ ಫೈಲಿನಲ್ಲಿತ್ತು. ನಿಲ್ಲಿಸಿದ್ದು ಊರಿನ ಹತ್ತು ಹನ್ನೆರಡು ಜನ. ಕೆರೆ ಏರಿ ಮೇಲೆ ಬೈಕ್ ಅಡ್ಡ ಇಟ್ಟುಕೊಂಡು ನಿಂತಿದ್ದರು. "ಕೆರೆ ಮಣ್ಣು ಇಟ್ಟಿಗೆ ಗೂಡಿಗೆ ಮಾರ್ತಾ ಇದೀರಂತೆ, ಯಾರು ಕೊಟ್ರು ನಿಮಗೆ ಹಕ್ಕು?"

ಕೋಲಾರ ಜಿಲ್ಲೆಯ ಒಂದು ಸಣ್ಣ ಕೆರೆ. ಒಂದು ಕಂಪನಿಯ ಸಿಎಸ್‌ಆರ್ ದುಡ್ಡಲ್ಲಿ (ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡುವ ಹಣ) ನಮ್ಮ ಸಂಸ್ಥೆ ಹೂಳು ತೆಗೆಸುವ ಕೆಲಸ. ಮಣ್ಣು ಮಾರುವ ಮಾತೇ ಇರಲಿಲ್ಲ, ರೈತರು ಪುಕ್ಕಟೆ ಹೊಡೆದುಕೊಳ್ಳಬಹುದಿತ್ತು. ಆದರೆ ಆ ವಿಷಯ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಲಸ ನಾಲ್ಕು ದಿನ ನಿಂತಿತು, ಮಾಲೀಕ ಯಂತ್ರ ಸುಮ್ನೆ ನಿಂತದ್ದಕ್ಕೂ ಬಾಡಿಗೆ ಕೇಳಿದ.

ತಮಾಷೆ ಏನು ಗೊತ್ತಾ, ನಮ್ಮ ಅರ್ಜಿಯಲ್ಲಿ ಒಂದೂವರೆ ಪುಟದ 'ಕಮ್ಯುನಿಕೇಶನ್ ಪ್ಲಾನ್' ಇತ್ತು. ವೆಬ್‌ಸೈಟ್, ಫೇಸ್‌ಬುಕ್ ಪೇಜು, ಮೂರು ತಿಂಗಳಿಗೊಂದು ಸುದ್ದಿಪತ್ರ, ಕೊನೆಗೊಂದು ವಿಡಿಯೊ. ಊರಿಗೆ ಯಾರು, ಯಾವಾಗ, ಏನು ಹೇಳಬೇಕು ಅನ್ನುವ ಒಂದು ಸಾಲೂ ಇರಲಿಲ್ಲ. ಆ ಒಂದೂವರೆ ಪುಟ ಬರೆದವನು ನಾನೇ.

ಆಮೇಲಿನ ಯೋಜನೆಗಳಲ್ಲಿ ನಾನು ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ಕೆರೆಯದೇ, ಯಾಕಂದ್ರೆ ನನಗೆ ಚೆನ್ನಾಗಿ ಗೊತ್ತಿರುವುದು ಅದು. ನಿಮ್ಮದು ಶಾಲೆ, ಆರೋಗ್ಯ, ಹೊಲಿಗೆ ತರಬೇತಿ ಏನೇ ಇದ್ದರೂ ಹೆಸರು ಬದಲಿಸಿಕೊಂಡು ಓದಿ.

ಮೊದಲು: ತಡವಾಗಿ ತಿಳಿದರೆ ಯಾರಿಗೆ ಸಿಟ್ಟು ಬರುತ್ತೆ?

ಒಂದು ಹಾಳೆ ತಗೊಳ್ಳಿ. ಮೇಲೆ ಈ ಪ್ರಶ್ನೆ ಬರೆಯಿರಿ: ಈ ಕೆಲಸದ ಸುದ್ದಿ ಬೇರೆಯವರ ಬಾಯಿಂದ ಗೊತ್ತಾದರೆ ಯಾರಿಗೆ ಸಿಟ್ಟು ಬರುತ್ತೆ? ಕೆಳಗೆ ಪಟ್ಟಿ ಮಾಡಿ. 'ಸಮುದಾಯ', 'ಫಲಾನುಭವಿಗಳು' ಅಂತ ಬರೆಯಬೇಡಿ. ಸಮುದಾಯಕ್ಕೆ ಫೋನ್ ಮಾಡೋಕಾಗಲ್ಲ.

ಕೆರೆಗೆ ನಾನು ಬರೆಯುವ ಪಟ್ಟಿ ಹೀಗಿರುತ್ತೆ. ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹಾಯುವ ಜಮೀನಿನ ರೈತರು. ಕೆರೆ ಅಂಗಳದಲ್ಲಿ ಸ್ವಲ್ಪ ಒತ್ತುವರಿ ಮಾಡಿಕೊಂಡು ರಾಗಿ ಹಾಕಿರುವವರು (ಇವರಿಗೆ ಅಳತೆ ಅಂದರೆ ಎದೆ ಧಸಕ್ ಅನ್ನುತ್ತೆ). ಮೀನಿನ ಗುತ್ತಿಗೆ ಹಿಡಿದವರು. ಕುರಿ ಮೇಯಿಸುವವರು. ಕೆರೆ ನೀರು ಬಿಟ್ಟು ಹಂಚುವ ನೀರುಗಂಟಿ ಇನ್ನೂ ಇದ್ದರೆ ಅವರು, ಇಲ್ಲದಿದ್ದರೆ ಅವರ ಮನೆಯವರು, ಯಾಕಂದ್ರೆ ತೂಬು ಯಾವಾಗ ಕಟ್ಟಿತು, ರಾಜಕಾಲುವೆ ಎಲ್ಲಿ ಮುಚ್ಚಿಹೋಯಿತು ಅನ್ನುವುದು ಆ ಮನೆಗೆ ಗೊತ್ತಿರುತ್ತೆ. ಏರಿ ಮೇಲೆ ಗುಡಿ ಇದ್ದರೆ ಪೂಜೆ ಮಾಡುವವರು. ಇಟ್ಟಿಗೆ ಗೂಡಿನವರು. ಆಮೇಲೆ ನಾವು ಬಹಳ ಸಲ ಮರೆಯುವವರು: ಕೆಳಗಿನ ಕೆರೆಯ ಊರಿನವರು. ನಮ್ಮ ಕಡೆ ಕೆರೆಗಳು ಸರಪಳಿ, ಇಲ್ಲಿ ಕೋಡಿ ಬಿದ್ದರೆ ಅಲ್ಲಿಗೆ ನೀರು. ಇಲ್ಲಿ ಆಳ ಮಾಡಿದರೆ ನಮಗೆ ನೀರು ಬರೋದು ನಿಲ್ಲುತ್ತೆ ಅಂತ ಅವರು ಲೆಕ್ಕ ಹಾಕಿದರೆ ಅದರಲ್ಲಿ ತಪ್ಪೇನಿಲ್ಲ.

ಕಚೇರಿ ಕಡೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಆ ವಾರ್ಡಿನ ಸದಸ್ಯರು, ಅಧ್ಯಕ್ಷರು. ಕರ್ನಾಟಕದಲ್ಲಿ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಜಾಸ್ತಿ ಇದ್ದರೆ ಕೆರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೆ ಸೇರಿರುತ್ತೆ, ಕಡಿಮೆ ಇದ್ದರೆ ಪಂಚಾಯಿತಿ ಕಡೆಗೆ. ಇದು ಮೊದಲೇ ಗೊತ್ತಿಲ್ಲದಿದ್ದರೆ ಪಿಡಿಒ ಹತ್ತಿರ ಹತ್ತು ಸಲ ಹೋಗಿ, ಕೊನೆಗೆ "ಇದು ನಮ್ಮದಲ್ಲ ಸಾರ್" ಅನ್ನಿಸಿಕೊಂಡು ಬರ್ತೀರಿ.

ದುಡ್ಡು ಕೊಡುವವರ ಕಡೆಯೂ 'ಕಂಪನಿ' ಅಂತ ಒಂದೇ ಸಾಲು ಬರೆಯಬೇಡಿ. ನಿಮ್ಮ ಜೊತೆ ಮಾತಾಡುವ ಸಿಎಸ್‌ಆರ್ ಮ್ಯಾನೇಜರ್ ಒಬ್ಬರು, ಬಿಲ್ಲು ನೋಡುವ ಫೈನಾನ್ಸ್‌ನವರು ಇನ್ನೊಬ್ಬರು, ಫೋಟೋ ಕೇಳುವ ಬ್ರ್ಯಾಂಡಿಂಗ್ ತಂಡ ಮತ್ತೊಂದು. ಮೂವರಿಗೂ ಬೇಕಾದ್ದು ಬೇರೆ ಬೇರೆ. ಒಂದೇ ವರದಿಯನ್ನು ಮೂವರಿಗೂ ಕಳಿಸಿದರೆ ಒಬ್ಬರೂ ಪೂರ್ತಿ ಓದಲ್ಲ.

ಪಟ್ಟಿ ಆದ ಮೇಲೆ ಪಕ್ಕದಲ್ಲಿ 1, 2, 3 ಅಂತ ನಂಬರ್ ಹಾಕಿ. ಯಾರಿಗೆ ಮೊದಲು, ಯಾರಿಗೆ ಆಮೇಲೆ. ಪ್ರತಿ ಹೆಸರಿನ ಮುಂದೆ ನಿಮ್ಮ ಕಡೆಯಿಂದ ಯಾರು ಹೇಳ್ತಾರೆ ಅನ್ನುವುದನ್ನೂ ಬರೆಯಿರಿ. ನಿಜ ಹೇಳಬೇಕಂದ್ರೆ ಪ್ಲಾನ್‌ನ ಅರ್ಧ ಇಲ್ಲಿಗೇ ಮುಗಿಯಿತು.

ಆಮೇಲೆ: ಮೂರು ವಾಕ್ಯ, ಊರಿನ ಮಾತಲ್ಲಿ

ಅರ್ಜಿಯಲ್ಲಿ ಬರೆದದ್ದು: 'ಸಮುದಾಯದ ಸಹಭಾಗಿತ್ವದಲ್ಲಿ ಜಲಮೂಲಗಳ ಪುನಶ್ಚೇತನ'. ಇದನ್ನು ಹಾಲಿನ ಡೇರಿ ಮುಂದೆ ನಿಂತು ಜೋರಾಗಿ ಓದಿ ನೋಡಿ. ಕ್ಯಾನು ಹಿಡಿದವರು ನಿಮ್ಮನ್ನು ನೋಡುವ ರೀತಿಯಲ್ಲೇ ಗೊತ್ತಾಗುತ್ತೆ.

ನಾವು ಕೊನೆಗೆ ಬರೆದುಕೊಂಡದ್ದು ಇಷ್ಟು: "ಕೆರೆ ಹೂಳು ತೆಗಿಸ್ತೀವಿ, ಹಿಟಾಚಿ ಖರ್ಚು ನಮ್ಮದು. ಹೂಳು ರೈತರಿಗೆ ಪುಕ್ಕಟೆ, ಟ್ರ್ಯಾಕ್ಟರ್ ಖರ್ಚು ನಿಮ್ಮದು. ಒಂದು ಲೋಡೂ ಮಾರಲ್ಲ, ಲೆಕ್ಕ ದಿನಾ ಡೇರಿ ಹತ್ರ ಹಾಕ್ತೀವಿ."

ಯಾರು ಏನು ಕೊಡುತ್ತಾರೆ, ಯಾರಿಗೆ ಏನು ಸಿಗುತ್ತೆ, ಅನುಮಾನ ಬಂದರೆ ಎಲ್ಲಿ ನೋಡಬೇಕು. ಈ ಮೂರು ಇದ್ದರೆ ಸಾಕು. ತಂಡದಲ್ಲಿ ಐದು ಜನ ಇದ್ದರೆ ಐದೂ ಜನ ಇದೇ ಮೂರು ವಾಕ್ಯ ಹೇಳಬೇಕು. ಡ್ರೈವರ್ ಕೂಡ. ಜನ ಮೊದಲು ಕೇಳೋದು ಡ್ರೈವರನ್ನೇ, ನಿಮ್ಮ ಪ್ರಾಜೆಕ್ಟ್ ಮ್ಯಾನೇಜರನ್ನಲ್ಲ.

ಜೊತೆಗೆ ಜನ ಕೇಳಿಯೇ ಕೇಳುವ ನಾಲ್ಕೈದು ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳಿ. ಕೋಲಾರದಲ್ಲಿ 2018ರಿಂದ ಕೆಸಿ ವ್ಯಾಲಿ ಯೋಜನೆಯ ಸಂಸ್ಕರಿಸಿದ ಕೊಳಚೆ ನೀರು ಬೆಂಗಳೂರಿಂದ ಕೆರೆಗಳಿಗೆ ಬರುತ್ತಿದೆ. ಹಾಗಾಗಿ ಯಾವ ಕೆರೆ ಮುಟ್ಟಿದರೂ ಮೊದಲ ಪ್ರಶ್ನೆ ಒಂದೇ: "ಇದಕ್ಕೂ ಆ ನೀರು ಬಿಡ್ತಾರಾ?" ಕೆಲವರು ಆಸೆಯಿಂದ ಕೇಳ್ತಾರೆ, ಕೆಲವರು ಭಯದಿಂದ. ನಮ್ಮ ಯೋಜನೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಆದರೂ "ಸಂಬಂಧ ಇಲ್ಲ" ಅಂತ ಎಲ್ಲರೂ ಒಂದೇ ಥರ ಹೇಳಬೇಕಲ್ವಾ? ಒಬ್ಬ "ಗೊತ್ತಿಲ್ಲ", ಇನ್ನೊಬ್ಬ "ನೋಡೋಣ" ಅಂದ. ಸಾಯಂಕಾಲದ ಹೊತ್ತಿಗೆ ಪೈಪ್‌ಲೈನ್ ಬಂದೇ ಬಿಟ್ಟಿತ್ತು, ಬಾಯಲ್ಲಿ.

ಎಲ್ಲಿ ಹೇಳಬೇಕು

ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದ್ರೆ ಹೆಚ್ಚಿನ ಪ್ಲಾನ್‌ಗಳು ಸೋಲುವುದು ಇಲ್ಲೇ. ಕಚೇರಿಯಲ್ಲಿ ಕೂತವರಿಗೆ ಫೇಸ್‌ಬುಕ್ ಕಾಣುತ್ತೆ. ಊರಲ್ಲಿ ಜನ ಎಲ್ಲಿ ಸೇರುತ್ತಾರೆ ಅನ್ನುವುದನ್ನು ಒಂದು ದಿನ ಬೆಳಗಿಂದ ರಾತ್ರಿವರೆಗೆ ಅಲ್ಲೇ ಇದ್ದು ನೋಡಬೇಕು.

ಕೋಲಾರ, ಚಿಕ್ಕಬಳ್ಳಾಪುರ ಕಡೆ ಹಾಲಿನ ಡೇರಿಗಿಂತ ಒಳ್ಳೆ ಜಾಗ ಇಲ್ಲ. ದಿನಕ್ಕೆ ಎರಡು ಸಲ, ಬೆಳಗ್ಗೆ ಸಂಜೆ, ಎಲ್ಲ ಜಾತಿಯವರೂ, ಹೆಂಗಸರೂ ಗಂಡಸರೂ ಕ್ಯಾನು ಹಿಡಿದು ಸಾಲಲ್ಲಿ ನಿಲ್ಲುತ್ತಾರೆ. ಫ್ಯಾಟ್ ನೋಡುವವರೆಗೆ ಮಾಡೋಕೆ ಬೇರೆ ಕೆಲಸ ಇರಲ್ಲ. ಕೆಲಸ ಮತ್ತೆ ಶುರುವಾದಾಗ ನಾವು ಅಲ್ಲಿ ಒಂದು ಕಪ್ಪು ಹಲಗೆ ತೂಗುಹಾಕಿದೆವು. ದಿನಾ ಸಂಜೆ ಸೀಮೆಸುಣ್ಣದಲ್ಲಿ ಇವತ್ತು ಎಷ್ಟು ಲೋಡು, ಯಾರ ಹೊಲಕ್ಕೆ ಎಷ್ಟು, ಹಿಟಾಚಿ ಎಷ್ಟು ಗಂಟೆ ಓಡಿತು. ಬರೆಯುತ್ತಿದ್ದದ್ದು ಡೇರಿ ಕಾರ್ಯದರ್ಶಿಯ ಮಗಳು, ಪಿಯುಸಿ ಓದುತ್ತಿದ್ದಳು, ಅಕ್ಷರ ಮುತ್ತಿನ ಹಾಗೆ. ಎರಡನೇ ದಿನ ಒಬ್ಬ ಯಜಮಾನರು ಬಂದು, "ನನ್ನ ಹೆಸರಲ್ಲಿ ಆರು ಬರ್ದಿದೀರಿ, ಬಂದಿದ್ದು ಐದೇ" ಅಂದರು. ಪುಸ್ತಕ ನೋಡಿದೆವು, ಅವರು ಹೇಳಿದ್ದೇ ಸರಿ. ಎಲ್ಲರ ಎದುರೇ ಅಳಿಸಿ ಐದು ಮಾಡಿದೆವು. ಅಲ್ಲಿಂದ ಮುಂದೆ ಇಟ್ಟಿಗೆ ಗೂಡಿನ ಮಾತು ಎತ್ತಿದವರಿಲ್ಲ.

ಇನ್ನೊಂದು ಲಾಭ ನಾವು ಅಂದುಕೊಂಡಿರಲಿಲ್ಲ. ಆ ಹಲಗೆಯ ಫೋಟೋವನ್ನೇ ದಿನಾ ತೆಗೆದಿಟ್ಟುಕೊಂಡೆವು. ತಿಂಗಳ ಕೊನೆಗೆ ಕಂಪನಿಗೆ ಕಳಿಸುವ ವರದಿಯ ಅಂಕಿ ಅಂಶ ಅಲ್ಲೇ ಸಿಕ್ಕಿತು. ಊರಿಗೆ ಒಂದು ಲೆಕ್ಕ, ಕಂಪನಿಗೆ ಒಂದು ಲೆಕ್ಕ ಅಂತ ಎರಡು ಪುಸ್ತಕ ಇಡುವ ತಲೆನೋವೇ ಇಲ್ಲ.

ಪಂಚಾಯಿತಿಯ ಕಸದ ಗಾಡಿ ಇನ್ನೊಂದು. ಮೈಕ್ ಇರುತ್ತೆ, ಬೀದಿ ಬೀದಿ ಸುತ್ತುತ್ತೆ. ಪಿಡಿಒ ಒಪ್ಪಿದರೆ ಒಂದು ನಿಮಿಷದ ರೆಕಾರ್ಡಿಂಗ್ ಹಾಕಿಸಬಹುದು. ಊರಿನವರ ದನಿಯಲ್ಲೇ ಮಾಡಿಸಿ. ಮಹಿಳಾ ಸಂಘದ ವಾರದ ಸಭೆಗೆ ಹೋಗಿ, ಆದರೆ ಸಾಲದ ಕಂತು ಕಟ್ಟಿ ಮುಗಿಯುವವರೆಗೆ ಬಾಯಿ ಬಿಡಬೇಡಿ.

ಗ್ರಾಮಸಭೆ ಕಾನೂನು ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಆಗಬೇಕು. ಅಲ್ಲಿ ನಿಮ್ಮ ಯೋಜನೆ ನಡಾವಳಿಯಲ್ಲಿ ದಾಖಲಾಗಲಿ, ಅದು ಮುಖ್ಯ. ಅಲ್ಲಿ ಹೇಳಿದ್ದಕ್ಕೆ ಊರಿಗೆಲ್ಲ ಗೊತ್ತಾಯಿತು ಅಂತ ಮಾತ್ರ ಅಂದುಕೊಳ್ಳಬೇಡಿ. ಬೆಳಗ್ಗೆ ಹನ್ನೊಂದಕ್ಕೆ ಕರೆದ ಸಭೆಗೆ ಕೂಲಿಗೆ ಹೋದವರು ಬರೋಕಾಗಲ್ಲ.

ವಾಟ್ಸ್ಆ್ಯಪ್ ಬೇಕು, ಆದರೆ ಹೊಸ ಗ್ರೂಪ್ ಮಾಡಬೇಡಿ. ಊರಲ್ಲಿ ಆಗಲೇ ನಾಲ್ಕು ಇರುತ್ತೆ. ಅದರಲ್ಲೊಬ್ಬ ಅಡ್ಮಿನ್ ಜೊತೆ ಸ್ನೇಹ ಮಾಡಿಕೊಳ್ಳಿ. ಪಿಡಿಎಫ್ ಹಾಕಿದರೆ ಯಾರೂ ತೆಗೆಯಲ್ಲ, ನಲವತ್ತು ಸೆಕೆಂಡಿನ ವಾಯ್ಸ್ ಮೆಸೇಜ್ ಹಾಕಿದರೆ ಅಜ್ಜಿಯೂ ಕೇಳ್ತಾರೆ.

ಹತ್ತಿರದಲ್ಲಿ ಸಮುದಾಯ ರೇಡಿಯೊ ಇದ್ದರೆ ಬಿಡಬೇಡಿ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 2001ರಲ್ಲಿ 'ನಮ್ಮ ಧ್ವನಿ' ಶುರುವಾದಾಗ ಸಂಸ್ಥೆಗಳಿಗೆ ಎಫ್‌ಎಂ ಲೈಸೆನ್ಸ್ ಕೊಡುತ್ತಿರಲಿಲ್ಲ. ಕೇಬಲ್ ಎಳೆದು ಮನೆಗಳಿಗೆ ಕೇಳಿಸಿದರು. 2006ರ ನೀತಿ ಬಂದ ಮೇಲೆ ಸ್ವಯಂಸೇವಾ ಸಂಸ್ಥೆಗಳೂ ಸಮುದಾಯ ರೇಡಿಯೊ ನಡೆಸಬಹುದು. ಇಂಥ ಕೇಂದ್ರದಲ್ಲಿ ನಿಮ್ಮ ಭಾಷಣ ಹಾಕಿಸುವ ಬದಲು ಊರಿನ ಇಬ್ಬರನ್ನು ಕೂರಿಸಿ ಪ್ರಶ್ನೆ ಕೇಳಿಸಿ, ನೀವು ಉತ್ತರ ಕೊಡಿ.

ಬೋರ್ಡು, ಲೋಗೊ, ಗುದ್ದಲಿ ಪೂಜೆ

ಈ ಮೂರರ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮಾತಾಡಿ. ಬೋರ್ಡಿನ ಅಳತೆ ಎಷ್ಟು, ಯಾರ ಹೆಸರು ಎಲ್ಲಿ, ಯಾವ ಭಾಷೆಯಲ್ಲಿ. ಕಂಪನಿ ಕಡೆಯಿಂದ ಬರುವ ಡಿಸೈನ್ ಇಂಗ್ಲಿಷಿನಲ್ಲಿ ಇರುತ್ತೆ, ಕೆಳಗೆ ಎಲ್ಲೋ ಒಂದು ಸಾಲು ಕನ್ನಡ, ಅದರಲ್ಲೂ ಒತ್ತಕ್ಷರ ಹಾರಿಹೋಗಿರುತ್ತೆ. ಕನ್ನಡ ಮೇಲೆ, ದೊಡ್ಡದಾಗಿ ಅಂತ ಒಪ್ಪಿಸಿ. ಖರ್ಚು ಎಷ್ಟು, ಎಂದಿನಿಂದ ಎಂದಿನವರೆಗೆ, ದೂರು ಇದ್ದರೆ ಯಾವ ನಂಬರ್. ಇವು ಇಲ್ಲದ ಬೋರ್ಡು ಜಾಹೀರಾತು ಅಷ್ಟೇ.

ಕಂಪನಿಯವರು ಜಾಸ್ತಿ ಎಳೆದಾಡಿದರೆ ಒಂದು ಮಾತು ನೆನಪಿಸಬಹುದು, ಮೆಲ್ಲಗೆ. 2021ರ ಜನವರಿಯಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮದ ಪ್ರಕಾರ ತಮ್ಮ ಸರಕು ಸೇವೆಗೆ ಮಾರುಕಟ್ಟೆ ಲಾಭ ಆಗಲಿ ಅಂತ ಪ್ರಾಯೋಜಕತ್ವ ಕೊಟ್ಟರೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ. ಹೆಸರು ಹಾಕಬಾರದು ಅಂತ ಇದರ ಅರ್ಥವಲ್ಲ. ಕೆರೆ ಏರಿ ಮೇಲೆ ಅವರ ಹೊಸ ಪ್ರಾಡಕ್ಟಿನ ಫ್ಲೆಕ್ಸ್ ಬೇಡ ಅನ್ನೋಕೆ ಇಷ್ಟು ಆಧಾರ ಸಾಕು.

ಗುದ್ದಲಿ ಪೂಜೆ ಅಂತ ಮಾಡಿದರೆ ಆಹ್ವಾನ ಪತ್ರಿಕೆ ಪಿಡಿಒಗೆ ತೋರಿಸದೆ ಪ್ರಿಂಟ್ ಹಾಕಿಸಬೇಡಿ. ಪಂಚಾಯಿತಿ ಜೊತೆ ಸೇರಿ ಮಾಡುವ ಕಾರ್ಯಕ್ರಮ ಅಂದಮೇಲೆ ಶಿಷ್ಟಾಚಾರ ಅಂತ ಒಂದಿದೆ. ಶಾಸಕರ ಹೆಸರು ಎಲ್ಲಿ, ಸಂಸದರದ್ದು ಎಲ್ಲಿ, ಅಧ್ಯಕ್ಷತೆ ಯಾರು. ಒಂದು ಹೆಸರು ಒಂದು ಸಾಲು ಕೆಳಗಾದರೆ ಯೋಜನೆ ಮುಗಿಯುವವರೆಗೆ ನೆನಪಿಟ್ಟುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಪೂಜೆ ಊರಿನವರೇ ಮಾಡಲಿ, ಕಾಯಿ ಒಡೆದು ಕೆಲಸ ಶುರು ಮಾಡಿ, ದೊಡ್ಡ ಸಮಾರಂಭ ಕೆರೆ ತುಂಬಿದ ಮೇಲೆ ಇಟ್ಟುಕೊಳ್ಳಿ. ಬೋರ್ಡಿನ ಮೇಲೆ ರಾಜಕಾರಣಿಗಳ ಫೋಟೋ ಬೇಡವೇ ಬೇಡ. ಚುನಾವಣೆ ನೀತಿಸಂಹಿತೆ ಬಂದರೆ ಬಟ್ಟೆ ಸುತ್ತಬೇಕು, ಆ ಬಟ್ಟೆ ಆಮೇಲೆ ಯಾರೂ ಬಿಚ್ಚಲ್ಲ.

ಇದಕ್ಕೆ ದುಡ್ಡು ಎಲ್ಲಿಂದ?

ಬಜೆಟ್ಟಿನಲ್ಲೇ ಬರೆಯಿರಿ. "ನಮಗೆ ಆಡಳಿತ ವೆಚ್ಚ 5 ಪರ್ಸೆಂಟ್ ಮಾತ್ರ, ಅದರಲ್ಲಿ ಇದೆಲ್ಲ ಹೇಗೆ" ಅಂತ ಬಹಳ ಸಂಸ್ಥೆಯವರು ಹೇಳುವುದು ಕೇಳಿದ್ದೇನೆ. ಇದು ತಪ್ಪು ತಿಳುವಳಿಕೆ. ಸಿಎಸ್‌ಆರ್ ನಿಯಮದ ಆ 5% ಮಿತಿ ಕಂಪನಿಯು ತನ್ನ ಸಿಎಸ್‌ಆರ್ ಕೆಲಸ ನಡೆಸಲು ಮಾಡುವ ಆಡಳಿತ ಖರ್ಚಿಗೆ. ಒಂದು ಯೋಜನೆಯನ್ನು ರೂಪಿಸಲು, ನಡೆಸಲು, ಮೇಲ್ವಿಚಾರಣೆಗೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರಲ್ಲ. ಹಾಗಾಗಿ ಊರಿನ ಸಭೆ, ಹಲಗೆ, ಮೈಕ್, ಕರಪತ್ರ ಇವನ್ನು ಯೋಜನೆಯ ಚಟುವಟಿಕೆ ಅಂತಲೇ ತೋರಿಸಿ, ಕಂಪನಿಯವರ ಜೊತೆ ಮೊದಲೇ ಮಾತಾಡಿಕೊಳ್ಳಿ. ಕಂಪನಿ ತನ್ನದೇ ನಿಯಮ ಅಂತ ಬೇರೆ ಮಿತಿ ಹಾಕಿದರೆ ಅದು ಬೇರೆ ಮಾತು.

ವಿದೇಶಿ ದುಡ್ಡಾದರೆ ಹುಷಾರು. ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎಯಲ್ಲಿ ಆಡಳಿತ ವೆಚ್ಚಕ್ಕೆ 50% ಇದ್ದ ಮಿತಿಯನ್ನು 2020ರಲ್ಲಿ 20%ಗೆ ಇಳಿಸಿದರು. ವರದಿ ಬರೆಯುವ, ಸಲ್ಲಿಸುವ ಖರ್ಚು ಆಡಳಿತ ವೆಚ್ಚಕ್ಕೇ ಸೇರುತ್ತೆ. ಯಾವುದು ಎಲ್ಲಿ ಅನ್ನುವುದನ್ನು ನಿಮ್ಮ ಆಡಿಟರ್ ಹತ್ತಿರ ವರ್ಷದ ಶುರುವಿಗೇ ಕೇಳಿ, ಕೊನೆಗಲ್ಲ.

ಕ್ಯಾಲೆಂಡರ್

ಎರಡು ಕ್ಯಾಲೆಂಡರ್ ಪಕ್ಕಪಕ್ಕ ಇಡಿ. ಒಂದು ದುಡ್ಡಿನದು: ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತೆ, ಫೆಬ್ರವರಿಯಿಂದಲೇ "ಬಳಕೆ ಪ್ರಮಾಣಪತ್ರ ಕಳಿಸಿ, ಫೋಟೋ ಕಳಿಸಿ" ಅಂತ ಫೋನು. ಇನ್ನೊಂದು ಊರಿನದು: ರಾಗಿ ಕೊಯ್ಲು, ಒಕ್ಕಣೆ, ಯುಗಾದಿ, ಊರ ಜಾತ್ರೆ, ಮೊದಲ ಮಳೆ. ಹೂಳು ತೆಗೆಯೋದು ಬೇಸಿಗೆಯಲ್ಲಿ ಮಾತ್ರ. ಅಂದರೆ ಕೆಲಸ ಜೋರಾಗಿ ನಡೆಯುವ ಹೊತ್ತಿಗೇ ವರದಿಯ ಒತ್ತಡವೂ ಇರುತ್ತೆ. ಇದು ಪ್ರತಿ ವರ್ಷ ಗೊತ್ತಿದ್ದರೂ ಪ್ರತಿ ವರ್ಷ ಒದ್ದಾಡುತ್ತೇವೆ. ವರದಿಯ ಹಿನ್ನೆಲೆ ಭಾಗ, ಮೊದಲಿನ ಫೋಟೋಗಳು, ಊರಿನ ಮಾಹಿತಿ ಇವನ್ನು ಡಿಸೆಂಬರಿನಲ್ಲೇ ಬರೆದಿಟ್ಟುಬಿಡಿ. ಜಾತ್ರೆ ವಾರದಲ್ಲಿ ಸಭೆ ಇಡಬೇಡಿ, ಜಾತ್ರೆಯಲ್ಲೇ ಒಂದು ಮೇಜು ಹಾಕಿ.

ಫೋಟೋ

'ಮೊದಲು, ಆಮೇಲೆ' ಫೋಟೋ ಎಲ್ಲರೂ ಕೇಳ್ತಾರೆ. ಕೆಲಸ ಶುರುವಾಗುವ ಮೊದಲೇ ಒಂದು ಜಾಗ ಗುರುತು ಮಾಡಿ, ನಾವು ತೂಬಿನ ಕಲ್ಲಿನ ಮೇಲೆ ನಿಲ್ಲುತ್ತಿದ್ದೆವು. ಅದೇ ಕಲ್ಲು, ಅದೇ ದಿಕ್ಕು, ಬೆಳಗ್ಗೆ ಅದೇ ಹೊತ್ತು. ಹೀಗೆ ಮಾಡದೆ ಕೊನೆಗೆ ಹುಡುಕಿದರೆ ಮೊದಲಿನದು ಎಂದು ಸಿಗೋದು ಯಾರದೋ ಸೆಲ್ಫಿ, ಹಿಂದೆ ಅರ್ಧ ಕೆರೆ.

ಜನರ ಫೋಟೋ ಬೇರೆ ವಿಷಯ. ಒಂದು ಸಲ ಒಬ್ಬ ಹೆಂಗಸು, ನಲವತ್ತರ ಆಸುಪಾಸು, ಹೂಳು ಹಾಕಿದ ಹೊಲದಲ್ಲಿ ನಗ್ತಾ ನಿಂತ ಫೋಟೋ ತೆಗೆದು ಕಳಿಸಿದೆವು. ಕೇಳಿಯೇ ತೆಗೆದಿದ್ದೆವು, ಅವರೂ ಹೂಂ ಅಂದಿದ್ದರು. ಅದು ಒಂದು ಪುಸ್ತಿಕೆಯಲ್ಲಿ ಬಂತು, ಕೆಳಗೆ 'ಬಡತನದಲ್ಲಿ ಬೆಂದ ರೈತ ಮಹಿಳೆ' ಅಂತ. ಬೆಂಗಳೂರಲ್ಲಿ ಕೆಲಸ ಮಾಡುವ ಅವರ ಮಗನಿಗೆ ಯಾರೋ ಅದನ್ನು ಫಾರ್ವರ್ಡ್ ಮಾಡಿದರು. ಅವನು ನನಗೆ ಫೋನ್ ಮಾಡಿ ಬೈಯಲಿಲ್ಲ. "ನಮ್ಮಮ್ಮ ನಿಮಗೆ ಯಾವಾಗ ಬಡವಿ ಅಂತ ಹೇಳಿದ್ರು ಸಾರ್?" ಅಂತಷ್ಟೇ ಕೇಳಿದ. ಅವರಿಗೆ ಎರಡೂವರೆ ಎಕರೆ ಇತ್ತು, ಮೂರು ಹಸು ಇದ್ದವು.

ಅಂದಿನಿಂದ ಒಪ್ಪಿಗೆ ಪತ್ರದಲ್ಲಿ ಮೂರು ಸಾಲು ಸೇರಿಸಿದ್ದೇವೆ. ಫೋಟೋ ಎಲ್ಲಿ ಬರುತ್ತೆ, ಕೆಳಗೆ ಏನು ಬರೆಯುತ್ತಾರೆ, ಬೇಡ ಅಂದರೆ ಯಾರಿಗೆ ಹೇಳಬೇಕು. ಕನ್ನಡದಲ್ಲಿ ಓದಿ ಹೇಳ್ತೇವೆ. ಅಡಿಬರಹವನ್ನು ನಾವೇ ಬರೆದು ಕಳಿಸ್ತೇವೆ, ಬದಲಿಸಿದರೆ ನಮ್ಮನ್ನು ಕೇಳಬೇಕು ಅಂತ ಒಪ್ಪಂದದಲ್ಲೂ ಹಾಕಿಸಿದ್ದೇವೆ. ಮಕ್ಕಳ ಯೋಜನೆಯವರಿಗೆ ಇನ್ನೂ ಬಿಗಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿಗೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು. ದೌರ್ಜನ್ಯಕ್ಕೆ ಒಳಗಾದ ಮಗುವಾದರೆ ಗುರುತು ಸಿಗುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಹೆಸರು ಬದಲಿಸಿ ಶಾಲೆ ಹೆಸರು ಹಾಗೇ ಬಿಟ್ಟರೆ ಊರಿಗೆಲ್ಲ ಗೊತ್ತಾಗುತ್ತೆ, ಅಲ್ವಾ?

ಕೆಟ್ಟ ಸುದ್ದಿ

ಕೆಲಸ ನಿಂತಾಗ ಯಾರು ಮೊದಲು ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಬರೆದಿಟ್ಟಿರಿ. ನಮ್ಮ ಹಿಟಾಚಿ ನಿಂತದ್ದು ಕಂಪನಿಗೆ ಗೊತ್ತಾದದ್ದು ಸ್ಥಳೀಯ ಪತ್ರಿಕೆಯ ತುಣುಕಿನಿಂದ. ನಾನು 'ಎರಡು ದಿನದಲ್ಲಿ ಸರಿಹೋಗುತ್ತೆ, ಆಮೇಲೆ ಹೇಳಿದರಾಯಿತು' ಅಂತ ಸುಮ್ನಿದ್ದೆ. ಮ್ಯಾನೇಜರ್ ಸಿಟ್ಟಾದದ್ದು ಕೆಲಸ ನಿಂತದ್ದಕ್ಕಲ್ಲ, ಅವರ ಬಾಸ್ ಕೇಳಿದಾಗ ಅವರ ಹತ್ತಿರ ಉತ್ತರ ಇರಲಿಲ್ಲ ಅನ್ನುವುದಕ್ಕೆ. ಈಗ ಅದೇ ದಿನ ಫೋನ್ ಮಾಡ್ತೇನೆ, ಸಂಜೆ ನಾಲ್ಕು ಸಾಲಿನ ಇಮೇಲ್: ಏನಾಯಿತು, ಯಾಕೆ, ನಾವೇನು ಮಾಡ್ತಿದ್ದೇವೆ, ಮುಂದಿನ ಸುದ್ದಿ ಯಾವಾಗ. ವರದಿಗಾರರು ಬಂದರೆ ಮಾತಾಡುವವರು ಒಬ್ಬರೇ, ಅವರ ಕೈಯಲ್ಲಿ ಆ ಮೂರು ವಾಕ್ಯ ಮತ್ತು ಲೋಡಿನ ಲೆಕ್ಕ. ಯಾರನ್ನೂ ದೂರಬೇಡಿ. ಏರಿ ಮೇಲೆ ಬೈಕ್ ಅಡ್ಡ ಇಟ್ಟವರಲ್ಲಿ ಇಬ್ಬರು ಈಗ ಕೆರೆ ಸಮಿತಿಯಲ್ಲಿದ್ದಾರೆ.

ದುಡ್ಡು ಮುಗಿದಾಗ

ಇದನ್ನು ಯಾರೂ ಪ್ಲಾನಿನಲ್ಲಿ ಬರೆಯಲ್ಲ. ಒಂದು ಬೆಳಗ್ಗೆ ಸಂಸ್ಥೆಯ ಜೀಪು ಬರೋದು ನಿಲ್ಲುತ್ತೆ, ಅಷ್ಟೇ. ಮುಗಿಯುವುದಕ್ಕೆ ಎರಡು ತಿಂಗಳು ಮೊದಲೇ ಡೇರಿ ಹಲಗೆಯಲ್ಲಿ ತಾರೀಖು ಹಾಕಿ. ಕೊನೆಯ ಸಭೆಯಲ್ಲಿ ಒಟ್ಟು ಖರ್ಚು ಓದಿ ಹೇಳಿ, ಉಳಿದ ಕೆಲಸ ಏನು ಅನ್ನುವುದನ್ನೂ ಹೇಳಿ. ತೂಬಿನ ಕೀಲಿ ಯಾರ ಹತ್ತಿರ, ಕೋಡಿ ಬಿರುಕು ಬಿಟ್ಟರೆ ಯಾರಿಗೆ ಅರ್ಜಿ, ಲೋಡು ಪುಸ್ತಕದ ಜೆರಾಕ್ಸ್ ಪಂಚಾಯಿತಿಯಲ್ಲಿ ಎಲ್ಲಿದೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಮಿತಿ ಕೈಗೆ ಕೊಡಿ.

ಹಾಗೇ ಬೋರ್ಡಿನ ಮೇಲಿರುವ ನಿಮ್ಮ ಮೊಬೈಲ್ ನಂಬರ್ ಮೇಲೆ ಬಣ್ಣ ಬಳಿದು ಸಮಿತಿಯವರದ್ದು ಬರೆಸಿ. ನಾನು ಮರೆತೆ. ಈಗಲೂ ಮಳೆಗಾಲದಲ್ಲಿ ಬೆಳಗ್ಗೆ ಆರಕ್ಕೇ ಫೋನ್ ಬರುತ್ತೆ: "ಸಾರ್, ಕೆರೆ ಅಂಗಳದಲ್ಲಿ ಜಾಲಿ ಎದ್ದಿದೆ, ಯಾವಾಗ ಬರ್ತೀರಿ?"